ಕಾಯ್ರಿ ಅಂದ ವರ್ಷ

ಹೋದ ತಿಂಗಳು ಶಾಲೆಯ ಕೆಲಸದ ಮೇಲೆ ಸುರಪುರಕ್ಕೆ ಹೋಗಿದ್ದೆ. ಕೆಲವು ಮಕ್ಕಳ ವರ್ಗಾವಣೆ ಪತ್ರಗಳಲ್ಲಿ ಹೆಸರು ತಪ್ಪಾಗಿ ಬಿದ್ದಿದ್ದವು, ತಿದ್ದಿಸಿಕೊಂಡು ಬರಬೇಕಿತ್ತು. ಬಸ್ ಸ್ಟ್ಯಾಂಡಿನಿಂದ ಹೊರಬಿದ್ದು ನಡೆಯುತ್ತಿದ್ದಾಗ ಹಿಂದಿನಿಂದ ಒಂದು ಪ್ರಚಾರದ ಆಟೊ ಬಂತು. ತಲೆಯ ಮೇಲೆ ಎರಡು ಲೌಡ್‌ಸ್ಪೀಕರ್, ಸುತ್ತಲೂ ಬ್ಯಾನರ್. ಯಾವುದೋ ಸ್ಥಳೀಯ ಚುನಾವಣೆ. ಎಣ್ಣೆಯ ಬೆಲೆ ಎಲ್ಲಿಗೆ ಹೋಯಿತು, ಬೇಳೆಯ ಬೆಲೆ ಎಲ್ಲಿಗೆ ಹೋಯಿತು ಎಂದು ಒಂದು ಹೆಣ್ಣುದನಿ ದಾರಿಯುದ್ದಕ್ಕೂ ಕೇಳುತ್ತಿತ್ತು. ನಾನು ಬದಿಗೆ ಸರಿದು ಕಿರಾಣಿ ಅಂಗಡಿಯೊಂದರ ಕಟ್ಟೆ ಹಿಡಿದು ನಿಂತುಬಿಟ್ಟೆ.

“ಚಕ್ಕರ್ ಬಂತೇನ್ರಿ ಅಕ್ಕಾರ? ಕುಂದರ್ರಿ, ನೀರ್ ಕುಡೀರಿ,” ಅಂದ ಅಂಗಡಿಯವನು.

“ಇಲ್ಲರಿ, ಬಿಸಲು ಭಾಳ ಅದ,” ಅಂದೆ.

ಬಿಸಿಲು ಇತ್ತು, ಆದರೆ ನಾನು ನಿಂತದ್ದು ಅದಕ್ಕಲ್ಲ. ಇದೇ ಊರಿನಲ್ಲಿ, ಇಂಥದೇ ಆಟೊ ಒಂದು, ನನಗೆ ಚೆನ್ನಾಗಿ ಗೊತ್ತಿದ್ದ ಒಬ್ಬರ ಮಾತನ್ನು ಕೂಗಿಕೊಂಡು ಹೋದದ್ದನ್ನು ನಾನು ಒಮ್ಮೆ ಕೇಳಿದ್ದೆ. ಅದು ವಿಧಾನಸಭೆ ಚುನಾವಣೆಯ ವರ್ಷ. ಆ ವರ್ಷದ ಕಥೆಯನ್ನು ನಾನು ಇವತ್ತಿನವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಆಗ ನಾನು ಸುರಪುರದ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವ ಮಾತು ಕೇಳಲು ಚೆಂದ. ಯಾರೂ ಅತಿಥಿಯನ್ನು ಹತ್ತು ವರ್ಷ ಇಟ್ಟುಕೊಳ್ಳುವುದಿಲ್ಲ, ನಮ್ಮನ್ನು ಇಟ್ಟುಕೊಂಡಿದ್ದರು. ತರಗತಿ ಶುರುವಾದಾಗ ಕರೆಯುತ್ತಿದ್ದರು, ಪರೀಕ್ಷೆ ಮುಗಿದಾಗ ಮನೆಗೆ ಹೋಗಿ ಅನ್ನುತ್ತಿದ್ದರು. ಬೇಸಿಗೆಯ ತಿಂಗಳುಗಳಿಗೆ ಸಂಬಳವಿಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬುದು ಎಷ್ಟು ಮಕ್ಕಳು ಸೇರಿದರು, ಕಾಯಂ ಅಧ್ಯಾಪಕರು ಯಾರಾದರೂ ವರ್ಗವಾಗಿ ಬಂದರೇ ಎಂಬುದರ ಮೇಲೆ ನಿಂತಿರುತ್ತಿತ್ತು. ಶಹಾಪುರದ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಅಬ್ಬಾ, ಅಮ್ಮಿ, ನಾನು. ಅಬ್ಬಾ ದರ್ಜಿ. ಎರಡೂ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಅಮ್ಮಿಯನ್ನು ಕರೆಯುವಂತಾಗಿತ್ತು. ಆಪರೇಷನ್ ಮಾಡಿಸೋಣ ಎಂದಾಗಲೆಲ್ಲ “ಅಭೀ ನಕ್ಕೊ ಬೇಟಿ, ಅಗಲೇ ಸಾಲ್ ದೇಖೇಂಗೆ” ಅನ್ನುತ್ತಿದ್ದ. ಈಗ ಬೇಡ, ಮುಂದಿನ ವರ್ಷ ನೋಡೋಣ. ಆ ಮುಂದಿನ ವರ್ಷಕ್ಕೆ ನಾಲ್ಕು ವರ್ಷ ಆಗಿದ್ದವು.

ಅದೇ ಕಾಲೇಜಿನಲ್ಲಿ ಮೌನೇಶ ಸರ್ ಅರ್ಥಶಾಸ್ತ್ರ ಹೇಳುತ್ತಿದ್ದರು. ಅವರೂ ಅತಿಥಿಯೇ, ನನಗಿಂತ ಎರಡು ವರ್ಷ ಹಳಬರು. ತಿಂಥಣಿಯಲ್ಲಿ ಕೃಷ್ಣೆಯಲ್ಲಿ ಮೀನು ಹಿಡಿಯುವ ಮನೆತನ ಅವರದು. ಆ ಮನೆತನದಲ್ಲಿ ಹೈಸ್ಕೂಲು ದಾಟಿದ ಮೊದಲಿಗರು. ಓದು ಮುಗಿದ ಹೊಸತರಲ್ಲಿ ಬಸ್ ಕಂಡಕ್ಟರ್ ನೌಕರಿ ಸಿಕ್ಕಿತ್ತು. ಎಂ.ಎ. ಮೊದಲ ದರ್ಜೆಯಲ್ಲಿ ಪಾಸಾದವನು ಟಿಕೆಟ್ ಹರಿಯುವುದೇ ಎಂದು ಹೋಗಲಿಲ್ಲ. ಅವರ ಜೊತೆಗೇ ಆಯ್ಕೆಯಾದ ಸಾಬಣ್ಣ ಹೋದ. ನಾನು ದಿನಾ ಹತ್ತುವ ಬಸ್ಸಿನಲ್ಲಿ ಎಷ್ಟೋ ಸಲ ಅದೇ ಸಾಬಣ್ಣ ಇರುತ್ತಿದ್ದ. “ಮೌನೇಶ ಸರ್ ಆರಾಮ ಅದಾರೇನ್ರಿ?” ಎಂದು ಕೇಳುವಾಗ ಅವನ ದನಿಯಲ್ಲಿ ಹೆಮ್ಮೆಯೇನೂ ಇರುತ್ತಿರಲಿಲ್ಲ. ಗೆಳೆಯನ ಬಗ್ಗೆ ಮರುಕವಿರುತ್ತಿತ್ತು. ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ.

ಆ ವರ್ಷ ತೊಗರಿ ಕೊಯ್ಲಿಗೆ ಬಂದಾಗ ಹಳ್ಳಿಯಿಂದ ಬರುವ ಮಕ್ಕಳು ಹೊಲಕ್ಕೆ ಹೋಗಿ ತರಗತಿಗಳು ಅರ್ಧ ಖಾಲಿಯಾಗಿದ್ದವು. ತೊಗರಿ ಬೆಳೆಯುವ ನಾಡು ನಮ್ಮದು. ಆದರೂ ಅಂಗಡಿಗೆ ಹೋದಾಗ ಒಂದು ಕಿಲೊ ಬೇಳೆ ಅನ್ನುತ್ತಿದ್ದ ಅಮ್ಮಿ ಅರ್ಧ ಕಿಲೊ ಅನ್ನತೊಡಗಿದ್ದಳು. ನನ್ನ ಕೋಣೆಗೂ ಮೌನೇಶ ಸರ್ ಕೋಣೆಗೂ ನಡುವೆ ಇದ್ದದ್ದು ಪ್ಲೈವುಡ್ ಹಲಗೆ ಮಾತ್ರ. ಅವರ ಪಾಠ ನನ್ನ ಮಕ್ಕಳಿಗೂ ಕೇಳುತ್ತಿತ್ತು. ಒಂದು ದಿನ ಅವರು ಹಣದುಬ್ಬರ ಹೇಳುತ್ತಿದ್ದರು. ನಾನು ಹಾಜರಿ ಕರೆಯುವುದನ್ನು ನಿಲ್ಲಿಸಿ ಕೇಳಿದೆ.

“ಪುಸ್ತಕದಾಗಿನ ವ್ಯಾಖ್ಯಾನ ಪರೀಕ್ಷಾದಾಗ ಬರೀರಿ. ತಿಳಕೊಳ್ಳಾಕ ನಾ ಹೇಳೋದು ಕೇಳ್ರಿ. ನಮ್ಮ ಮನ್ಯಾಕಿ ರೊಟ್ಟಿ ಬಡದು ಖಾನಾವಳಿಗಿ ಕೊಡ್ತಾಳ. ಜ್ವಾಳದ ರೇಟು ಏರಿತು. ಖಾನಾವಳಿಯವ ರೊಟ್ಟಿ ರೇಟು ಏರಸಂಗಿಲ್ಲ ಅಂದ. ಆಕಿ ಏನ್ ಮಾಡಿದ್ಳು? ತೆಳ್ಳಗ ಬಡದ್ಳು. ರೇಟು ಅದೇ ಅದ, ರೊಟ್ಟಿ ಅಷ್ಟೇ ಅಗಲ ಅದ. ಉಂಡವಗ ಮಾತ್ರ ಹೊಟ್ಟಿ ತುಂಬವಲ್ದು. ಯಾಕ ತುಂಬವಲ್ದು ಅಂತ ಅವಗ ತಿಳಿಯವಲ್ದು. ಇದಕ್ಕ ಹಣದುಬ್ಬರ ಅಂತಾರ.”

ಹಲಗೆಯ ಎರಡೂ ಕಡೆ ಮಕ್ಕಳು ನಕ್ಕರು. ನಾನೂ ನಕ್ಕೆ. ಇಂಥ ಮೇಷ್ಟ್ರನ್ನು ವರ್ಷಾವರ್ಷ ಕರೆದು ವರ್ಷಾವರ್ಷ ಕಳಿಸುತ್ತಾರಲ್ಲ ಎಂದು ಸಿಟ್ಟೂ ಬಂತು.

ಕಾಯಂ ಅಧ್ಯಾಪಕರ ನೇಮಕಾತಿಗೆ ಅರ್ಜಿ ಕರೆಯುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಇಂಥ ಸುದ್ದಿ ಪ್ರತಿ ವರ್ಷ ಬರುತ್ತದೆ, ಅರ್ಜಿ ಮಾತ್ರ ಎಷ್ಟೋ ವರ್ಷಕ್ಕೊಮ್ಮೆ ಬರುತ್ತದೆ. ನನಗೆ ವಯಸ್ಸು ಇನ್ನೂ ಇತ್ತು. ಮೌನೇಶ ಸರ್‌ಗೆ ಇರಲಿಲ್ಲ. ಬರುವ ಜೂನ್ ಒಂದಕ್ಕೆ ಅವರ ವಯೋಮಿತಿ ಮುಗಿಯುತ್ತಿತ್ತು.

“ನಮ್ಮೂರ ಸಾಲ್ಯಾಗ ಎಲ್ಲಾರೂ ಜೂನ್ ಒಂದಕ್ಕೇ ಹುಟ್ಟೀವ್ರಿ ಮೇಡಮ್ಮರ,” ಎಂದು ಅವರು ನಗುತ್ತಿದ್ದರು. “ಮಾಸ್ತರು ಪಟ್ಟಿ ಹಿಡಕೊಂಡು ಕುಂತಿದ್ರಂತ. ಯಾವಾಗ ಹುಟ್ಯಾನ ಅಂತ ಕೇಳಿದ್ರಂತ. ನಮ್ಮವ್ವ, ಶ್ರಾವಣದಾಗ ಹೊಳಿ ತುಂಬಿ ಬಂದಾಗ ಅಂದ್ಳಂತ. ಹೊಳಿ ಬರೀಲಾಕ ಪಟ್ಟಿಯಾಗ ಜಾಗ ಇಲ್ಲವ್ವ ಅಂದು ಜೂನ್ ಒಂದು ಅಂತ ಬರಕೊಂಡ್ರಂತ.”

ಚುನಾವಣೆಗೆ ಮುಂಚೆ ಅರ್ಜಿ ಕರೆದೇ ಕರೆಯುತ್ತಾರೆ ಎಂಬುದು ಅವರ ನಂಬಿಕೆ. ಓಟು ಬೇಕಾದವರು ನೌಕರಿ ತೋರಿಸದೆ ಇರುತ್ತಾರೆಯೇ ಎಂಬುದು ಅವರ ಲೆಕ್ಕ.

ತೊಗರಿ ರಾಶಿ ಮುಗಿದು ಬಿಸಿಲು ಏರತೊಡಗಿದ್ದ ದಿನಗಳು. ಒಂದು ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಮೌನೇಶ ಸರ್ ನನ್ನನ್ನು ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ಕರೆದುಕೊಂಡು ಹೋದರು. ಚಹಾ ಬಂದ ಮೇಲೆ ಹೇಳಿದರು.

“ಗೌಡ್ರು ಫೋನ್ ಮಾಡಿದ್ರು ಮೇಡಮ್ಮರ. ಯಾದಗಿರಿಯಾಗ ಸಾಲಿ ತೆಗದಾರಲ್ಲ, ನನ್ನ ಕೂಡ ಓದಿದವರು. ಆಫೀಸು ನೋಡಿಕೊಳ್ಳಾಕ ಓದಿದವರು ಒಬ್ಬರು ಬೇಕಾಗ್ಯಾರಂತ. ಹನ್ನೆರಡು ತಿಂಗಳೂ ಪಗಾರ. ತಗದ ಹಾಕೋ ಮಾತಿಲ್ಲ.”

“ಚಲೋ ಆತಲ್ರಿ ಸರ್,” ಅಂದೆ.

“ಚಲೋನೇ. ಆದ್ರ ಪಾಠ ಬಿಡಬೇಕ್ರಿ. ಅಲ್ಲಿ ಫೀ ಪಾವತಿ ಬರೀಬೇಕು, ಬಸ್ ಡ್ರೈವರಗೋಳ ಹಾಜರಿ ನೋಡಬೇಕು. ಒಮ್ಮಿ ಹೋದ್ರ ಹೊಳ್ಳಿ ಬರಾಕ ಆಗಂಗಿಲ್ಲ. ಇಲ್ಲಿ ಅರ್ಜಿ ಕರದುಬಿಟ್ರ?” ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು. “ನಾ ಬರದಿದ್ರ ನಂಬಿಗಸ್ತರು ಒಬ್ಬರನ್ನ ನೀವೇ ಹೇಳ್ರಿ ಅಂದಾರ. ನಾ ಹೋಗದಿದ್ರ ನಿಮ್ಮ ಹೆಸರು ಹೇಳಾಂವ ಅದೀನಿ. ಅದಕ್ಕ ನಿಮ್ಮನ್ನೇ ಕೇಳಾಕತ್ತೇನಿ. ಏನ್ ಮಾಡ್ಲಿ ಮೇಡಮ್ಮರ? ಖರೇ ಹೇಳ್ರಿ.”

ಆ ಹಿಂದಿನ ವಾರ ನಾನು ಸಹಿಗೆಂದು ಪ್ರಿನ್ಸಿಪಾಲರ ಕೋಣೆಗೆ ಹೋದಾಗ ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: ನೇಮಕಾತಿಯ ಕಡತಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ಮೇ ತಿಂಗಳಲ್ಲಿ ಚುನಾವಣೆ ಮುಗಿಯುವವರೆಗೆ ಏನೂ ಆಗುವುದಿಲ್ಲ. ಅದನ್ನು ಮೌನೇಶ ಸರ್‌ಗೆ ಹೇಳಬೇಕು ಎಂದು ಅವತ್ತೇ ಅಂದುಕೊಂಡಿದ್ದೆ. ಗಡಿಬಿಡಿಯಲ್ಲಿ ಮರೆತಿದ್ದೆ. ಈಗ ಚಹಾದಂಗಡಿಯಲ್ಲಿ ಕೂತಾಗ ಅದು ನೆನಪಾಯಿತು, ಸ್ಪಷ್ಟವಾಗಿ ನೆನಪಾಯಿತು. ಅದರ ಹಿಂದೆಯೇ ಅಬ್ಬಾ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಹೊಲಿಗೆ ಹುಡುಕುವುದು ನೆನಪಾಯಿತು. ಮದುವೆಯ ಮಾತು ನಿಂತು ವರ್ಷಗಳಾಗಿದ್ದ ನನಗೆ ಆ ಮನೆ ಬಿಟ್ಟರೆ ಬೇರೆ ಮನೆ ಇರಲಿಲ್ಲ. ಹನ್ನೆರಡು ತಿಂಗಳೂ ಪಗಾರ.

“ಹನ್ನೆರಡು ವರ್ಷ ಕಾದೀರಿ ಸರ್,” ಅಂದೆ. “ಇನ್ನ ಮೂರು ತಿಂಗಳು. ನಿಮ್ಮಂಥವರು ಪಾಠ ಬಿಟ್ರ ಹೆಂಗ? ಕಾಯ್ರಿ. ಕರದೇ ಕರೀತಾರ.”

ಅವರ ಮುಖ ಅರಳಿತು. “ನನಗೂ ಹಂಗೇ ಅನಸ್ತದ್ರಿ,” ಅಂದರು. ಅಲ್ಲೇ ಕೂತು ಗೌಡರಿಗೆ ಫೋನು ಹಚ್ಚಿ ನನ್ನ ಹೆಸರು ಹೇಳಿದರು. ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಎಷ್ಟೋ ವರ್ಷ ಅದನ್ನೇ ನನಗೆ ನಾನು ಹೇಳಿಕೊಂಡಿದ್ದೇನೆ.

ಪಾಠ ಮುಗಿಸಿ ಮಾರ್ಚ್‌ನಲ್ಲಿ ನಾನು ಯಾದಗಿರಿಯ ಶಾಲೆಗೆ ಸೇರಿದೆ. ಆ ತಿಂಗಳ ಕೊನೆಗೆ ಚುನಾವಣೆ ಘೋಷಣೆಯಾಯಿತು, ನೀತಿಸಂಹಿತೆ ಜಾರಿಗೆ ಬಂತು. ಹೊಸ ನೇಮಕಾತಿಯ ಪ್ರಕಟಣೆಗಳೆಲ್ಲ ನಿಂತವು. ಮೌನೇಶ ಸರ್ ಫೋನು ಮಾಡಿ, “ಮೇಡಮ್ಮರ, ಎಲ್ಲಾ ಬಂದ್ ಆತಲ್ರಿ,” ಅಂದರು. “ಮೇದಾಗ ರಿಸಲ್ಟ್ ಬರ್ತದಲ್ರಿ ಸರ್, ಇನ್ನೂ ಟೈಮ್ ಅದ,” ಅಂದೆ. “ಹೌದ್ರಿ, ಅದ, ಅದ,” ಅಂದರು.

ಮೊದಲೆಲ್ಲ ಚುನಾವಣೆ ಅಂದರೆ ಅಬ್ಬಾಗೆ ಹಬ್ಬ. ಎಲ್ಲ ಪಕ್ಷದವರೂ ಬಟ್ಟೆಯ ತಾನು ತಂದು ಹಾಕುತ್ತಿದ್ದರು. ಮಷಿನ್ನಿನ ಸದ್ದು ನಿಲ್ಲುತ್ತಿರಲಿಲ್ಲ, ನಮ್ಮ ಪಡಸಾಲೆಯಲ್ಲಿ ಒಂದಕ್ಕೊಂದು ಆಗದ ಬಾವುಟಗಳು ಒಂದರ ಮೇಲೊಂದು ಮಲಗಿರುತ್ತಿದ್ದವು. ಆ ವರ್ಷ ಯಾರೂ ಬರಲಿಲ್ಲ. ಬಾವುಟ, ಶಾಲು, ಟೋಪಿ ಎಲ್ಲ ಹೊರಗಿನಿಂದ ಸಿದ್ಧವಾಗಿ ಗಂಟು ಕಟ್ಟಿಕೊಂಡು ಬಂದವು. ಅಬ್ಬಾ ಅಂಗಡಿಯ ಬಾಗಿಲಲ್ಲಿ ಕೂತು ಹಾದುಹೋಗುವ ಮೆರವಣಿಗೆಯ ಬಾವುಟಗಳ ಅಂಚು ನೋಡುತ್ತಿದ್ದ. ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೂ “ಕಚ್ಚಾ ಹೊಲಿಗಿ” ಅನ್ನುತ್ತಿದ್ದ.

ಆ ಸಲ ರಂಜಾನ್ ಬಿರುಬೇಸಿಗೆಯಲ್ಲಿ ಬಂದಿತ್ತು. ಈದ್ ಮುಗಿದ ಮಾರನೇ ದಿನ ನಾನು ಡಬ್ಬಿಯಲ್ಲಿ ಶೀರ್ ಖುರ್ಮಾ ಹಾಕಿಕೊಂಡು ಸುರಪುರಕ್ಕೆ ಹೋದೆ. ಪ್ರತಿ ವರ್ಷ ಕಾಲೇಜಿಗೇ ಒಯ್ಯುತ್ತಿದ್ದೆ. ಈಗ ಅವರ ಮನೆಗೆ. ಮೌನೇಶ ಸರ್ ಹೆಂಡತಿ ದೇವಮ್ಮ ಒಲೆಯ ಮುಂದೆ ಕೂತಿದ್ದಳು. ಗ್ಯಾಸ್ ತುಟ್ಟಿಯಾಗಿ ಮತ್ತೆ ಕಟ್ಟಿಗೆ ಒಲೆಗೆ ಬಂದಿದ್ದಳು. ತಗಡಿನ ಮನೆಯೊಳಗೆ ಆ ಝಳ ತಡೆಯುವಂತಿರಲಿಲ್ಲ. ಸರ್ ನನ್ನನ್ನು ನೋಡಿ ಖುಷಿಪಟ್ಟರು. ಒಬ್ಬ ಪಕ್ಷೇತರ ಅಭ್ಯರ್ಥಿಯ ಕಡೆಯವರು ಬಂದು ಬೆಲೆ ಏರಿಕೆಯ ಮೇಲೆ ಒಂದು ಭಾಷಣ ಬರೆದುಕೊಡಿ ಅಂದಿದ್ದರಂತೆ. ದುಡ್ಡು ತೆಗೆದುಕೊಳ್ಳದೆ ನಾಲ್ಕು ಪುಟ ಬರೆದುಕೊಟ್ಟಿದ್ದರು.

“ಎಲ್ಲಾರೂ ಬೆಲಿ ಏರಿತು ಬೆಲಿ ಏರಿತು ಅಂತ ಒದರತಾರ. ಯಾಕ ಏರ್ತದ, ಏರಿದ್ರ ಮೊದಲ ಯಾರ ಹೊಟ್ಟಿಗಿ ಬಡೀತದ, ಒಬ್ಬರೂ ಹೇಳಂಗಿಲ್ಲ. ಒಮ್ಮೆರೆ ಮಂದಿಗಿ ತಿಳಿಯಂಗ ಹೇಳೋಣಂತ ಬರದೀನ್ರಿ,” ಅಂದರು.

ಅಷ್ಟರಲ್ಲಿ ಹೊರಗೆ ಆಟೊ ಬಂತು. ಅವರ ನಾಲ್ಕು ಪುಟದಲ್ಲಿ ಉಳಿದಿದ್ದದ್ದು ಒಂದೇ ಮಾತು. ಅದನ್ನೇ ಮೂರು ಮೂರು ಸಲ ಕೂಗುತ್ತಿದ್ದರು: “ಸುರಪುರದ ಖಾನಾವಳಿ ರೊಟ್ಟಿ ತೆಳ್ಳಗಾಗ್ಯಾವ! ಯಾಕ ತೆಳ್ಳಗಾಗ್ಯಾವ? ವಿಚಾರ ಮಾಡಿ ಓಟು ಹಾಕ್ರಿ!”

ದೇವಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಆಟೊ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ಗಂಡನ ಕಡೆ ತಿರುಗಿದಳು.

“ಇದು ನೀವು ಬರದ ಕೊಟ್ಟದ್ದೇನ್ರಿ?”

ಸರ್ ಹೌದೆಂದು ತಲೆಯಾಡಿಸಿದರು.

“ಮೂರು ದಿನದಿಂದ ಖಾನಾವಳಿಯವ ಒಂದೊಂದು ರೊಟ್ಟಿ ಎತ್ತಿ ಬೆಳಕಿಗಿ ಹಿಡದು ನೋಡಾಕತ್ತಾನ. ಯಾಕಂತ ನನಗ ತಿಳಿದಿದ್ದಿಲ್ಲ. ನನ್ನ ರೊಟ್ಟಿ ತೆಳ್ಳಗದಾವಂತ ಊರ ತುಂಬ ಡಂಗುರ ಹೊಡಿಸೀರಲ್ಲ! ಜ್ವಾಳ ತಂದು ಕೊಡಾಕ ಆಗಲಿಲ್ಲ, ಭಾಷಣ ಬರೀಲಾಕ ಆತು?” ನನ್ನ ಕಡೆ ನೋಡಿದಳು. ಕಣ್ಣು ತುಂಬಿದ್ದವು. “ಹೇಳ್ರಿ ಅಕ್ಕಾ, ಇವರಿಗಿ. ಓದಿದವರು ಹಿಂಗ ಮಾಡ್ತಾರೇನು?”

ಮೌನೇಶ ಸರ್ “ನಾ ಹಂಗ ಬರದಿದ್ದಿಲ್ಲ, ಅದರ ಮುಂದ ಇನ್ನೂ ಇತ್ತು…” ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಮೂಲೆಯಲ್ಲಿ ಓದುತ್ತ ಕೂತಿದ್ದ ಅವರ ಮಗಳು ಪುಸ್ತಕ ಮುಚ್ಚಿಟ್ಟು ಅವ್ವನ ಪಕ್ಕ ಹೋಗಿ ಕೂತು ಹಿಟ್ಟು ನಾದತೊಡಗಿದಳು. ನಾನು ಶೀರ್ ಖುರ್ಮಾದ ಡಬ್ಬಿಯನ್ನು ಗೂಡಿನಲ್ಲಿ ಇಟ್ಟು ಎದ್ದು ಬಂದೆ.

ಆ ವಾರವೇ ಖಾನಾವಳಿಯವನು ಯಂತ್ರದಲ್ಲಿ ಮಾಡಿದ ರೊಟ್ಟಿ ತರಿಸತೊಡಗಿದ. ಅದು ಇನ್ನೂ ತೆಳ್ಳಗಿತ್ತು ಎಂದು ದೇವಮ್ಮ ಆಮೇಲೆ ನನಗೆ ಹೇಳಿದಳು.

ಓಟಿನ ದಿನ ಅಬ್ಬಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದು ಅಮ್ಮಿಯ ಜೊತೆ ಮತಗಟ್ಟೆಗೆ ಬಂದ. ಗುರುತುಗಳು ಕಾಣದೆ ಅಮ್ಮಿಯ ಸಹಾಯ ಪಡೆಯಬೇಕಾಯಿತು. ಫಲಿತಾಂಶ ಬಂದ ದಿನ ಶಹಾಪುರದಲ್ಲಿ ಪಟಾಕಿ, ಗುಲಾಲು. ಮೌನೇಶ ಸರ್ ಮಾತನ್ನು ಊರೆಲ್ಲ ಕೂಗಿಸಿದ ಆ ಅಭ್ಯರ್ಥಿಗೆ ಠೇವಣಿಯೂ ಉಳಿಯಲಿಲ್ಲ. ನಾನು ಕ್ಯಾಲೆಂಡರ್ ನೋಡಿದೆ. ಜೂನ್ ಒಂದಕ್ಕೆ ಮೂರು ವಾರವೂ ಉಳಿದಿರಲಿಲ್ಲ. ಹೊಸ ಸರಕಾರ ಕೂತು, ಕಡತ ತೆಗೆದು, ಅರ್ಜಿ ಕರೆಯುವುದಕ್ಕೆ ಅಷ್ಟು ದಿನ ಎಲ್ಲಿ ಸಾಕು? ಆ ಜೂನ್ ಒಂದು ಯಾವ ಸದ್ದೂ ಇಲ್ಲದೆ ಬಂದು ಹೋಯಿತು. ಅವತ್ತು ನಮ್ಮ ಶಾಲೆಯಲ್ಲಿ ಪ್ರವೇಶದ ಗದ್ದಲ. ಅರ್ಜಿ ತುಂಬುತ್ತ ಮಕ್ಕಳ ಹುಟ್ಟಿದ ದಿನವನ್ನು ಎರಡೆರಡು ಸಲ ಕೇಳಿ ಬರೆದುಕೊಂಡೆ.

ಅದೇ ತಿಂಗಳು ಅಬ್ಬಾನ ಒಂದು ಕಣ್ಣಿಗೆ ಆಪರೇಷನ್ ಮಾಡಿಸಿದೆ. ಪಟ್ಟಿ ಬಿಚ್ಚಿದಾಗ ಅವನು ನನ್ನ ಮುಖ ನೋಡಿ, “ಕಿತ್ತೇ ಸಫೇದ್ ಬಾಲ್ ಆಗಯೇ ರೇ ತೆರೇಕೋ,” ಅಂದ. ನನ್ನ ಕೂದಲು ಬೆಳ್ಳಗಾದದ್ದು ಅವನಿಗೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಜುಲೈ ಕೊನೆಯಲ್ಲಿ ಅರ್ಜಿ ಕರೆದರು. ನಿಜವಾಗಿಯೂ ಕರೆದರು. ಮೌನೇಶ ಸರ್ ಫೋನಿನಲ್ಲಿ ಕೂಗಿಯೇ ಹೇಳಿದರು: “ಬಂತ್ರಿ ಮೇಡಮ್ಮರ! ವಯಸ್ಸಿನ ಸಡಿಲಿಕಿ ಇರಬಹುದಂತಾರ. ಇಷ್ಟು ವರ್ಷ ಕರೀದೇ ಈಗ ಕರದ ಮ್ಯಾಲ ಕೊಡಲೇಬೇಕಲ್ರಿ?” ಭಾನುವಾರ ನಾನೂ ಸುರಪುರಕ್ಕೆ ಹೋದೆ, ಇಬ್ಬರೂ ಒಟ್ಟಿಗೆ ಅರ್ಜಿ ಹಾಕೋಣ ಎಂದು. ಮಳೆ ಹಿಡಿದಿತ್ತು. ಆನ್‌ಲೈನ್ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಅವರ ಹಳೆಯ ವಿದ್ಯಾರ್ಥಿನಿಯೇ. “ಸರ್, ನೀವು ಮೊದಲು ಕುಂದರ್ರಿ,” ಎಂದು ಕುರ್ಚಿ ಒರೆಸಿ ಕೊಟ್ಟಳು.

ಹೆಸರು, ತಂದೆಯ ಹೆಸರು, ಊರು ಆಯಿತು. ಹುಟ್ಟಿದ ತಾರೀಖು ಒತ್ತಿದಳು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು. ಅವಳು ಸರ್ ಮುಖ ನೋಡಲಿಲ್ಲ.

“ಇನ್ನೊಮ್ಮೆ ಹಾಕು ನೋಡಮ್ಮ,” ಅಂದರು.

ಇನ್ನೊಮ್ಮೆ ಹಾಕಿದಳು. ಮತ್ತೊಮ್ಮೆಯೂ ಹಾಕಿದಳು.

“ಸರ್, ತಗೋವಲ್ದು,” ಅಂದಳು ಮೆಲ್ಲಗೆ. “ಕೊನೀ ತಾರೀಖಿಗಿ ವಯಸ್ಸು ಮೀರ್ತದಂತ.”

“ಆಗಸ್ಟ್ ಇಪ್ಪತ್ತೈದು ಅಂತ ಹಾಕಿ ನೋಡು.”

“ಸರ್, ಮಾರ್ಕ್ಸ್ ಕಾರ್ಡಿನ್ಯಾಗ ಜೂನ್ ಒಂದು ಅದ…”

“ನನಗ ಗೊತ್ತದಮ್ಮ. ಸುಮ್ನ ಹಾಕು. ನೋಡೋಣ.”

ಹಾಕಿದಳು. ಕೆಂಪು ಸಾಲು ಬರಲಿಲ್ಲ. ಮುಂದಿನ ಪುಟ ತೆರೆದುಕೊಂಡಿತು. ಮೌನೇಶ ಸರ್ ಆ ತೆರೆದ ಪುಟವನ್ನು ನೋಡುತ್ತ ಕೂತರು. ಅಲ್ಲಿ ಅವರ ಅವ್ವ ಹೇಳಿದ ವಯಸ್ಸಿನಲ್ಲಿ ಅವರು ಅರ್ಹರಾಗಿದ್ದರು. ಹೊರಗೆ ತಗಡಿನ ಮೇಲೆ ಮಳೆಯ ಸದ್ದು ಜೋರಾಗಿತ್ತು. ಕೊನೆಗೆ, “ಅಳಿಸಿಬಿಡಮ್ಮ,” ಅಂದರು. ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟು, “ನಿಮ್ದು ಹಾಕ್ರಿ ಮೇಡಮ್ಮರ,” ಅಂದರು.

ನಾನು ಹಾಕಲಿಲ್ಲ. ಕಾಗದ ಮರೆತು ಬಂದೆ ಅಂದೆ. ಕಾಗದಗಳೆಲ್ಲ ನನ್ನ ಬ್ಯಾಗಿನಲ್ಲೇ ಇದ್ದವು. ಆಮೇಲೆ ಯಾದಗಿರಿಯಲ್ಲಿ ಹಾಕಿದೆ, ಪರೀಕ್ಷೆ ಬರೆದೆ, ಆಗಲಿಲ್ಲ. ಅದು ಬೇರೆ ಮಾತು.

ಅದಾದ ಎರಡು ವಾರಕ್ಕೆ ಆ ಕಾಲೇಜಿಗೆ ಅರ್ಥಶಾಸ್ತ್ರಕ್ಕೆ ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರು. ಅತಿಥಿಗೆ ಪಾಠ ಉಳಿಯಲಿಲ್ಲ. ಯಾರೂ ಏನೂ ತಪ್ಪು ಮಾಡಿರಲಿಲ್ಲ. ಬಂದ ಅಧ್ಯಾಪಕರೂ ಒಳ್ಳೆಯವರಂತೆ. ಮೌನೇಶ ಸರ್ ಒಂದು ದಿನ ನನಗೆ ಫೋನು ಮಾಡಿ, ಬಹಳ ಹೊತ್ತು ಅಬ್ಬಾ, ಅಮ್ಮಿ, ಮಳೆ ಎಂದೆಲ್ಲ ಮಾತಾಡಿ, ಕೊನೆಗೆ ಕೇಳಿದರು.

“ಮೇಡಮ್ಮರ, ನಿಮ್ಮ ಸಾಲ್ಯಾಗ ಏನರೆ ಇದ್ರ ಗೌಡ್ರನ್ನ ಒಂದು ಮಾತು ಕೇಳ್ತೀರೇನು? ನಾನೇ ಕೇಳಬೇಕಿತ್ತು. ಆವತ್ತು ಬ್ಯಾಡ ಅಂದವ, ಈಗ ಯಾವ ಮಾರಿ ಇಟಕೊಂಡು ಕೇಳ್ಲಿ? ಏನಾದ್ರೂ ಆದೀತು. ಪಾಠನೇ ಆಗಬೇಕಂತಿಲ್ಲ.”

ಮರುದಿನ ಬೆಳಿಗ್ಗೆ ಗೌಡರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು, ಅಯ್ಯೋ ಪಾಪ ಅಂದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬರ್ರಿ ಅಂದಾಗ ಬರಲಿಲ್ಲಲ್ರಿ ಅಂವ. ಮಾಸ್ತರಕಿ ಹುಚ್ಚು. ಪಾಠಕ್ಕ ಹೊಸ ಹುಡುಗರನ್ನ ತಗೊಂಡಾಗೇದ, ಅವರು ಕಮ್ಮಿ ಪಗಾರಕ್ಕ ಬರ್ತಾರ. ಆಫೀಸಿನ್ಯಾಗ ಇರೋದು ಒಂದೇ ಕುರ್ಚಿ, ಅದರಾಗ ನೀವು ಕುಂತೀರಿ.” ನಕ್ಕರು. “ನೀವು ಏಳ್ತೀನಿ ಅಂದ್ರ ನಾಳಿನೇ ಕರೀತೀನಿ ನೋಡ್ರಿ ಅವಗ.”

ತಮಾಷೆಗೆ ಹೇಳಿದರೋ, ನಿಜಕ್ಕೂ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ನನ್ನ ಉತ್ತರಕ್ಕೆ ಒಂದು ಕ್ಷಣ ಕಾದದ್ದು ಮಾತ್ರ ಗೊತ್ತಿದೆ. ಗೋಡೆಯ ಮೇಲಿನ ಫ್ಯಾನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿತು. ಅಬ್ಬಾನ ಇನ್ನೊಂದು ಕಣ್ಣು ಬಾಕಿ ಇತ್ತು. ಆದರೆ ಅದನ್ನೇ ಕಾರಣ ಅಂದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲೂ ಸಂಬಳ ಬರುವ ಬದುಕಿನ ರುಚಿ ಆರು ತಿಂಗಳಲ್ಲಿ ನನಗೆ ಹತ್ತಿತ್ತು. ಮತ್ತೆ ಅತಿಥಿಯಾಗಿ ಕಾಲೇಜಿನ ಬಾಗಿಲಲ್ಲಿ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

ನಾನೂ ನಕ್ಕೆ. “ಹೌದ್ರಿ ಸರ್,” ಎಂದಷ್ಟೇ ಹೇಳಿ ಹೊರಗೆ ಬಂದೆ.

ಸಂಜೆ ಮೌನೇಶ ಸರ್‌ಗೆ ಫೋನು ಮಾಡಿ, “ಜಾಗ ಇಲ್ಲಂತ್ರಿ ಸರ್,” ಅಂದೆ.

“ಇರಲಿ ಬಿಡ್ರಿ. ಕೇಳಿದ್ರಲ್ಲ, ಅದೇ ದೊಡ್ಡದು,” ಅಂದರು.

ಹೈದರಾಬಾದಿನಲ್ಲಿ ದೇವಮ್ಮನ ಸೋದರಮಾವ ಒಬ್ಬರು ಅಪಾರ್ಟ್‌ಮೆಂಟಿನ ಕಾವಲುಗಾರರಾಗಿದ್ದರು. ಅವರ ಕೈಯಿಂದ ಮೌನೇಶ ಸರ್‌ಗೆ ಅಲ್ಲೇ ಇನ್ನೊಂದು ಕಟ್ಟಡದಲ್ಲಿ ಸೂಪರ್‌ವೈಸರ್ ಕೆಲಸವಾಯಿತು. ಸೂಪರ್‌ವೈಸರ್ ಎಂದರೂ ಗೇಟಿನಲ್ಲಿ ಕೂತು ಬಂದುಹೋಗುವವರ ಹೆಸರು ಬರೆದುಕೊಳ್ಳುವುದೇ. ಹೊರಡುವ ದಿನ ನನಗೆ ತಿಳಿಸಿದರು. ಊಟದ ಬಿಡುವಿನಲ್ಲಿ ನಾನು ಯಾದಗಿರಿ ಸ್ಟೇಷನ್ನಿಗೆ ಹೋದೆ. ಒಬ್ಬರೇ ಇದ್ದರು. ದೇವಮ್ಮ, ಮಗಳು ಸುರಪುರದಲ್ಲೇ ಉಳಿದಿದ್ದರು, ಶಾಲೆಯ ವರ್ಷ ಮುಗಿಯಲಿ ಎಂದು. ಪ್ಲಾಟ್‌ಫಾರ್ಮಿನ ತುಂಬ ಗಂಟುಮೂಟೆ ಕಟ್ಟಿಕೊಂಡು ಕಟ್ಟಡ ಕೆಲಸಕ್ಕೆ ಹೊರಟವರು. ಅವರ ನಡುವೆ ಮೌನೇಶ ಸರ್ ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು ಹಾಕಿಕೊಂಡು ನಿಂತಿದ್ದರು.

“ಅವ್ವಗ ಟ್ರೇನಿಂಗಿಗಿ ಹೊಂಟೀನಿ ಅಂತ ಹೇಳೀನಿ,” ಅಂದರು. “ಎಷ್ಟು ತಿಂಗಳು ಅಂತ ಕೇಳಿದ್ಳು. ಗೊತ್ತಿಲ್ಲವ್ವ ಅಂದೆ.”

ರೈಲು ಬಂತು. ಜನ ನುಗ್ಗಿದರು. ಅವರು ಕೊನೆಗೆ ಹತ್ತಿ ಬಾಗಿಲಲ್ಲೇ ನಿಂತರು, ಒಳಗೆ ಜಾಗವಿರಲಿಲ್ಲ. ನನ್ನ ಮುಖ ಹೇಗಿತ್ತೋ ಏನೋ, ಅವರೇ ನನಗೆ ಸಮಾಧಾನ ಹೇಳಿದರು.

“ನೀವ್ಯಾಕ ಹಂಗ ಮಾಡ್ತೀರಿ ಮೇಡಮ್ಮರ? ಇಬ್ಬರೂ ಮುಳುಗೋದಕ್ಕಿಂತ ಒಬ್ಬರರೆ ದಂಡಿ ಮುಟ್ಟಿದ್ರಲ್ಲ. ನಂಗ ಅದೇ ಸಮಾಧಾನ.”

ಹೇಳಬಹುದಿತ್ತು. ಪ್ರಿನ್ಸಿಪಾಲರ ಫೋನಿನ ಮಾತು, ಗೌಡರು ನನ್ನ ಉತ್ತರಕ್ಕೆ ಕಾದದ್ದು, ಎರಡನ್ನೂ ಹೇಳಲು ರೈಲು ನಿಂತಿದ್ದ ಆ ಎರಡು ನಿಮಿಷ ಸಾಕಾಗುತ್ತಿತ್ತು.

“ಮುಟ್ಟಿದ ಮ್ಯಾಲ ಫೋನ್ ಮಾಡ್ರಿ ಸರ್,” ಅಂದೆ.

ಶಾಲೆಗೆ ಹೊಳ್ಳಿ ಬಂದಾಗ ಊಟದ ಬಿಡುವು ಮುಗಿದಿತ್ತು. ಆಫೀಸಿನ ಹೊರಗೆ ಒಬ್ಬ ತಂದೆ ಮಗಳ ಕೈ ಹಿಡಿದು ನಿಂತಿದ್ದ, ಬಹಳ ಹೊತ್ತಿನಿಂದ ಕಾಯುತ್ತಿದ್ದನಂತೆ. ನಾನು ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. “ಬರ್ರಿ,” ಎಂದು ಅವನನ್ನು ಕರೆದೆ.